ಹಳೆಯ ಕಂಪ್ಯೂಟರಿನಲ್ಲಿ ಕಪ್ಪುಕುಳಿಯ ಚಿತ್ರ

(ಸಂಘದ ವಾರ್ಷಿಕ ಶೈಕ್ಷಣಿಕ ಸಮಾವೇಶದ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



'ಕಂಪ್ಯೂಟರ್ ಮತ್ತು ನಮ್ಮ ವಿದ್ಯಾರ್ಥಿಗಳು' ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ಕಾರ್ಯದರ್ಶಿಗಳು ತಿಳಿಸಿದ್ದಾರೆ. ಇದು ಒಂದು ಗಂಟೆಯಲ್ಲಿ ಮುಗಿಯುವ ವಿಷಯವಲ್ಲ. ಕಂಪ್ಯೂಟರ್ ಕಲಿತರೆ ಯಾವ ಕೆಲಸ ಸಿಗುತ್ತದೆ, ಎಷ್ಟು ಸಂಬಳ ಸಿಗುತ್ತದೆ ಎಂಬುದನ್ನು ಹೇಳಲು ನನಗಿಂತ ಚೆನ್ನಾಗಿ ತಿಳಿದವರು ಈ ಸಭೆಯಲ್ಲೇ ಇದ್ದಾರೆ. ಆದ್ದರಿಂದ ನಾನು ಇಂದು ಒಂದೇ ಒಂದು ಕೆಲಸದ ಬಗ್ಗೆ ಮಾತನಾಡುತ್ತೇನೆ. ಅದರಿಂದ ಸಂಬಳ ಬರುವುದಿಲ್ಲ, ಪ್ರಮಾಣಪತ್ರವೂ ಸಿಗುವುದಿಲ್ಲ. ನಲವತ್ತು ವರ್ಷ ಹಳೆಯದಾದ, ಇಂದು ಯಾರೂ ಮೂಸಿ ನೋಡದ ಒಂದು ಮನೆ ಕಂಪ್ಯೂಟರಿನಲ್ಲಿ, ಆಕಾಶದ ಅತ್ಯಂತ ವಿಚಿತ್ರ ವಸ್ತುವಾದ ಕಪ್ಪುಕುಳಿಯ ಚಿತ್ರವನ್ನು ಲೆಕ್ಕ ಹಾಕಿ ಬಿಡಿಸುವುದೇ ಆ ಕೆಲಸ. ಹವ್ಯಾಸಿಗಳು ಇದನ್ನು ಮಾಡಬಲ್ಲರು. ಪಿಯುಸಿ ಗಣಿತ ಓದುತ್ತಿರುವ ನೀವೂ ಮಾಡಬಲ್ಲಿರಿ. ಹೇಗೆ ಎಂಬುದನ್ನು ಮೊದಲು ಹೇಳಿ, ಏಕೆ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಕಪ್ಪುಕುಳಿ ಎಂದರೇನು?

ಒಂದು ಕಲ್ಲನ್ನು ಮೇಲಕ್ಕೆ ಎಸೆದರೆ ಕೆಳಗೆ ಬೀಳುತ್ತದೆ. ಸೆಕೆಂಡಿಗೆ 11.2 ಕಿಲೋಮೀಟರ್ ವೇಗದಲ್ಲಿ ಎಸೆದರೆ ಅದು ಭೂಮಿಯನ್ನು ಬಿಟ್ಟು ಹೋಗುತ್ತದೆ. ಭೂಮಿಯ ತೂಕ ಅಷ್ಟೇ ಇದ್ದು ಗಾತ್ರ ಕುಗ್ಗುತ್ತಾ ಹೋದರೆ ಈ ವೇಗ ಏರುತ್ತಾ ಹೋಗುತ್ತದೆ. ಇಡೀ ಭೂಮಿಯನ್ನು ಸುಮಾರು 9 ಮಿಲಿಮೀಟರ್ ತ್ರಿಜ್ಯದ ಗೋಲಿಯಷ್ಟಕ್ಕೆ ಅದುಮಿದರೆ, ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುವ ಬೆಳಕು ಕೂಡ ಅದರಿಂದ ಹೊರಬರಲಾರದು. ಸೂರ್ಯನಿಗೆ ಈ ತ್ರಿಜ್ಯ ಸುಮಾರು 3 ಕಿಲೋಮೀಟರ್. ಬೆಳಕು ಹೊರಬರದ ಈ ಗಡಿಯನ್ನು ಘಟನಾ ದಿಗಂತ ಎನ್ನುತ್ತಾರೆ. ಅದರ ಒಳಗಿನದ್ದೇ ಕಪ್ಪುಕುಳಿ. ಕೆಲವು ಪುಸ್ತಕಗಳಲ್ಲಿ ಕೃಷ್ಣರಂಧ್ರ ಎಂಬ ಹೆಸರೂ ಇದೆ.

ಐನ್‌ಸ್ಟೈನ್ ತಮ್ಮ ಸಾಪೇಕ್ಷತಾ ಸಿದ್ಧಾಂತವನ್ನು 1915ರಲ್ಲಿ ಪೂರ್ಣಗೊಳಿಸಿದರು. ಅದರ ಸಮೀಕರಣಗಳಿಗೆ ಮೊದಲ ನಿಖರ ಉತ್ತರ ಕಂಡುಹಿಡಿದವರು ಕಾರ್ಲ್ ಶ್ವಾರ್ಜ್‌ಶಿಲ್ಡ್ ಎಂಬ ಜರ್ಮನ್ ವಿಜ್ಞಾನಿ. ಮೊದಲ ಮಹಾಯುದ್ಧದಲ್ಲಿ ರಷ್ಯಾದ ಗಡಿಯಲ್ಲಿ ಸೈನಿಕ ಸೇವೆಯಲ್ಲಿದ್ದಾಗಲೇ ಅವರು ಈ ಲೆಕ್ಕ ಮಾಡಿದರು. 1916ರಲ್ಲಿ ಅದು ಪ್ರಕಟವಾಯಿತು, ಅದೇ ವರ್ಷ ಅವರು ತೀರಿಕೊಂಡರು. ಅವರ ಹತ್ತಿರ ಇದ್ದದ್ದು ಕಾಗದ, ಪೆನ್ನು, ತಲೆ ಇಷ್ಟೇ. ನಾವು ಇಂದು ಮಾಡಲಿರುವ ಲೆಕ್ಕಕ್ಕೆ ಅವರ ಆ ಉತ್ತರವೇ ಆಧಾರ.

ಮೊದಲ ಚಿತ್ರ

ಬೆಳಕೇ ಹೊರಬರದ ವಸ್ತುವಿನ ಚಿತ್ರ ಬಿಡಿಸುವುದೆಂದರೆ ಏನು ಎಂದು ನೀವು ಕೇಳಬಹುದು. ಕಪ್ಪುಕುಳಿ ಕಾಣುವುದಿಲ್ಲ. ಆದರೆ ಅದರ ಹತ್ತಿರ ಹಾದುಹೋಗುವ ಬೆಳಕು ಬಾಗುತ್ತದೆ. ಹಿಂದಿರುವ ನಕ್ಷತ್ರಗಳು ಸ್ಥಾನ ಬದಲಾಯಿಸಿದಂತೆ ಕಾಣುತ್ತವೆ. ಸುತ್ತಲೂ ಬಿಸಿ ಅನಿಲದ ತಟ್ಟೆಯಿದ್ದರೆ ಅದರ ಆಕಾರ ವಿಚಿತ್ರವಾಗಿ ತಿರುಚಿಕೊಳ್ಳುತ್ತದೆ. ನಡುವೆ ಕತ್ತಲಿನ ಒಂದು ಬಿಲ್ಲೆ ಉಳಿಯುತ್ತದೆ. ಅದನ್ನು ಕಪ್ಪುಕುಳಿಯ ನೆರಳು ಎನ್ನುತ್ತಾರೆ.

ಅನಿಲದ ತಟ್ಟೆಯಿರುವ ಕಪ್ಪುಕುಳಿ ಹೇಗೆ ಕಾಣಬಹುದೆಂದು ಮೊದಲು ಲೆಕ್ಕ ಮಾಡಿ ತೋರಿಸಿದವರು ಫ್ರಾನ್ಸಿನ ಜೀನ್ ಪಿಯರ್ ಲುಮಿನೆ. ಅವರ ಪ್ರಬಂಧ ಪ್ರಕಟವಾದದ್ದು 1979ರಲ್ಲಿ. ಅವರು ಬಳಸಿದ್ದು 1960ರ ದಶಕದ ಐಬಿಎಂ 7040 ಯಂತ್ರ. ಲೆಕ್ಕಗಳನ್ನು ರಂಧ್ರ ಕೊರೆದ ಕಾರ್ಡುಗಳಲ್ಲಿ ಯಂತ್ರಕ್ಕೆ ಉಣಿಸಬೇಕಾಗಿತ್ತು. ಯಂತ್ರ ಕೊಟ್ಟದ್ದು ಬರೀ ಅಂಕಿಗಳನ್ನು. ಚಿತ್ರ ತೆಗೆಯುವ ಸಾಧನ ಅವರಲ್ಲಿರಲಿಲ್ಲ. ಹಾಗಾಗಿ ಲುಮಿನೆ ಒಂದು ಕಾಗದದ ಮೇಲೆ ಕಪ್ಪು ಶಾಯಿಯಿಂದ ಕೈಯಾರೆ ಚುಕ್ಕಿಗಳನ್ನಿಟ್ಟರು. ಬೆಳಕು ಹೆಚ್ಚಿರುವಲ್ಲಿ ದಟ್ಟ ಚುಕ್ಕಿ, ಕಡಿಮೆ ಇರುವಲ್ಲಿ ವಿರಳ ಚುಕ್ಕಿ. ಬಳಿಕ ಅದನ್ನು ಫೋಟೋ ನೆಗೆಟಿವ್‌ನಂತೆ ತಿರುಗಿಸಿದಾಗ ಕಪ್ಪುಕುಳಿಯ ಚಿತ್ರ ಮೂಡಿತು.

40 ವರ್ಷಗಳ ನಂತರ, 2019ರ ಏಪ್ರಿಲ್ 10ರಂದು, ಭೂಮಿಯ ಹಲವು ಕಡೆಗಳ ರೇಡಿಯೋ ದೂರದರ್ಶಕಗಳನ್ನು ಜೋಡಿಸಿ ತೆಗೆದ ಎಂ87 ಗೆಲಾಕ್ಸಿಯ ಕಪ್ಪುಕುಳಿಯ ನಿಜವಾದ ಚಿತ್ರ ಬಿಡುಗಡೆಯಾಯಿತು. ಸುಮಾರು 5.5 ಕೋಟಿ ಜ್ಯೋತಿರ್ವರ್ಷ ದೂರದಲ್ಲಿರುವ ಅದು ಸುಮಾರು 650 ಕೋಟಿ ಸೂರ್ಯರಷ್ಟು ತೂಗುತ್ತದೆ. ನಡುವೆ ಕತ್ತಲು, ಸುತ್ತ ಬೆಳಕಿನ ಬಳೆ, ಬಳೆಯ ಒಂದು ಕಡೆ ಹೆಚ್ಚು ಹೊಳಪು. ಒಂದು ಕಡೆ ಹೊಳಪು ಹೆಚ್ಚಿರಬೇಕು ಎಂಬುದನ್ನು ಲುಮಿನೆಯವರ ಶಾಯಿಯ ಚುಕ್ಕಿಗಳು ಮೊದಲೇ ತೋರಿಸಿದ್ದವು. ನಮ್ಮತ್ತ ಬರುತ್ತಿರುವ ಅನಿಲ ಹೆಚ್ಚು ಹೊಳೆಯುತ್ತದೆ, ನಮ್ಮಿಂದ ದೂರ ಸಾಗುತ್ತಿರುವ ಅನಿಲ ಮಂಕಾಗುತ್ತದೆ. 2022ರ ಮೇ 12ರಂದು ನಮ್ಮದೇ ಆಕಾಶಗಂಗೆಯ ನಡುವಿನ ಕಪ್ಪುಕುಳಿಯ ಚಿತ್ರವೂ ಬಂತು. ಅದು ಸುಮಾರು 40 ಲಕ್ಷ ಸೂರ್ಯರಷ್ಟು ತೂಕದ್ದು.

ಮನೆಗೆ ಬಂದ ಕಂಪ್ಯೂಟರ್

ಲುಮಿನೆಯವರ ಪ್ರಬಂಧ ಬಂದ ಕೆಲವೇ ವರ್ಷಗಳಲ್ಲಿ ಕಂಪ್ಯೂಟರ್ ಸಾಮಾನ್ಯ ಜನರ ಮನೆಗೆ ಬಂತು. 1981ರಲ್ಲಿ ಇಂಗ್ಲೆಂಡಿನಲ್ಲಿ ಬಿಬಿಸಿ ಮೈಕ್ರೋ ಬಂತು. 1982ರಲ್ಲಿ ಸಿಂಕ್ಲೇರ್ ಕಂಪನಿಯ ಝಡ್‌ಎಕ್ಸ್ ಸ್ಪೆಕ್ಟ್ರಂ ಮತ್ತು ಅಮೆರಿಕದ ಕಮೋಡೋರ್ 64 ಬಂದವು. ಟಿ.ವಿ.ಯೇ ಇವುಗಳ ತೆರೆ. ಪ್ರೋಗ್ರಾಂ ಉಳಿಸಿಡಲು ಹಾಡು ಕೇಳುವ ಸಾಮಾನ್ಯ ಕ್ಯಾಸೆಟ್ಟೇ ಸಾಕಾಗುತ್ತಿತ್ತು. ಗಲ್ಫ್‌ನಿಂದ ಊರಿಗೆ ಬರುವವರು ಆ ಕಾಲದಲ್ಲಿ ತರುತ್ತಿದ್ದ ಟೇಪ್ ರೆಕಾರ್ಡರನ್ನು ನಿಮ್ಮ ತಂದೆಯವರು ಬಲ್ಲರು. ಅದೇ ಗಲ್ಫ್‌ನಲ್ಲಿ, ಕುವೈತ್‌ನ ಸಖ್ರ್ ಕಂಪನಿ 1980ರ ದಶಕದಲ್ಲಿ ಅರಬಿ ಅಕ್ಷರಗಳಿರುವ ಮನೆ ಕಂಪ್ಯೂಟರ್‌ಗಳನ್ನು ಮಾರುಕಟ್ಟೆಗೆ ತಂದಿತು. ಅನೇಕ ಅರಬ್ ಮಕ್ಕಳು ಮೊದಲ ಬಾರಿ ಪ್ರೋಗ್ರಾಂ ಬರೆದದ್ದು ಅವುಗಳಲ್ಲಿ.

ನಮ್ಮ ದೇಶವೂ ಹಿಂದೆ ಉಳಿಯಲಿಲ್ಲ. 1984ರಲ್ಲಿ ಕೇಂದ್ರ ಸರಕಾರ ಶಾಲೆಗಳಲ್ಲಿ ಕಂಪ್ಯೂಟರ್ ಪರಿಚಯಿಸಲು 'ಕ್ಲಾಸ್' ಎಂಬ ಯೋಜನೆ ಆರಂಭಿಸಿತು. ಅದಕ್ಕೆ ಆರಿಸಿದ್ದು ಬಿಬಿಸಿ ಮೈಕ್ರೋವನ್ನೇ.

ಈ ಯಂತ್ರಗಳ ಶಕ್ತಿ ಎಷ್ಟು? ಸ್ಪೆಕ್ಟ್ರಂನ ಪ್ರೊಸೆಸರ್ 3.5 ಮೆಗಾಹರ್ಟ್ಜ್, ನೆನಪು 48 ಕಿಲೋಬೈಟ್, ತೆರೆಯಲ್ಲಿ ಅಡ್ಡಕ್ಕೆ 256, ಉದ್ದಕ್ಕೆ 192 ಚುಕ್ಕಿಗಳು. ನಿಮ್ಮ ಮೊಬೈಲ್‌ನಲ್ಲಿರುವ ಒಂದೇ ಒಂದು ಫೋಟೋ ಈ 48 ಕಿಲೋಬೈಟ್‌ನಲ್ಲಿ ಹಿಡಿಯಲಾರದು. ಸ್ವಿಚ್ ಹಾಕಿದ ಕೂಡಲೇ ಈ ಯಂತ್ರಗಳು ತೋರಿಸುತ್ತಿದ್ದದ್ದು ಹೆಚ್ಚುಕಡಿಮೆ ಖಾಲಿ ತೆರೆಯನ್ನು. ಏನಾದರೂ ಆಗಬೇಕಾದರೆ ಬೇಸಿಕ್ ಭಾಷೆಯಲ್ಲಿ ನೀವೇ ಆಜ್ಞೆ ಬರೆಯಬೇಕು. ಇಲ್ಲವೇ ಕ್ಯಾಸೆಟ್ಟಿನಿಂದ ಪ್ರೋಗ್ರಾಂ ತುಂಬಬೇಕು.

ಕಣ್ಣಿನಿಂದ ಹೊರಟ ಕಿರಣ

ಈಗ ಲೆಕ್ಕಕ್ಕೆ ಬರೋಣ. ಚಿತ್ರ ಬಿಡಿಸಬೇಕಾದರೆ ಯಾವ ದಿಕ್ಕಿನಿಂದ ಯಾವ ಬೆಳಕು ನಮ್ಮ ಕಣ್ಣಿಗೆ ಬಂದು ತಲುಪುತ್ತದೆ ಎಂಬುದು ಗೊತ್ತಾಗಬೇಕು. ನಕ್ಷತ್ರಗಳಿಂದ ಹೊರಡುವ ಕಿರಣಗಳೆಲ್ಲವನ್ನೂ ಬೆನ್ನಟ್ಟಿದರೆ ಅವುಗಳಲ್ಲಿ ಬಹುಪಾಲು ನಮ್ಮ ಕಣ್ಣಿಗೆ ಬರುವುದೇ ಇಲ್ಲ, ಆ ದುಡಿಮೆ ವ್ಯರ್ಥ. ಆದ್ದರಿಂದ ಪ್ರೋಗ್ರಾಂ ಬರೆಯುವವರು ಉಲ್ಟಾ ಹೋಗುತ್ತಾರೆ. ಕಣ್ಣಿನಿಂದ ಕಿರಣ ಹೊರಟಿತೆಂದು ಭಾವಿಸಿ, ಅದು ಎಲ್ಲಿ ಹೋಗಿ ಮುಟ್ಟುತ್ತದೆ ಎಂದು ನೋಡುತ್ತಾರೆ. ತಿರುಗದೆ ನಿಂತಿರುವ ಕಪ್ಪುಕುಳಿಯ ಬಳಿ ಬೆಳಕಿನ ದಾರಿ ಹೋಗುವಾಗಲೂ ಬರುವಾಗಲೂ ಒಂದೇ. ಆದ್ದರಿಂದ ಉತ್ತರ ತಪ್ಪಾಗುವುದಿಲ್ಲ.

ಇಲ್ಲಿ ಒಂದು ಸ್ವಾರಸ್ಯವಿದೆ. ಪ್ರಾಚೀನ ಗ್ರೀಕರಲ್ಲಿ ಯೂಕ್ಲಿಡ್, ಟಾಲೆಮಿ ಮುಂತಾದವರು ಕಣ್ಣಿನಿಂದಲೇ ಕಿರಣ ಹೊರಟು ವಸ್ತುವನ್ನು ಮುಟ್ಟುವುದರಿಂದ ನಮಗೆ ಕಾಣುತ್ತದೆ ಎಂದು ನಂಬಿದ್ದರು. ಇದು ತಪ್ಪು, ವಸ್ತುವಿನಿಂದ ಬೆಳಕು ಕಣ್ಣಿಗೆ ಬರುತ್ತದೆ ಎಂದು ಪ್ರಯೋಗ ಮತ್ತು ತರ್ಕಗಳಿಂದ ಸ್ಥಾಪಿಸಿದವರು ಇಬ್ನುಲ್ ಹೈಸಮ್. ಕ್ರಿ.ಶ. 965ರ ಸುಮಾರಿಗೆ ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಅವರು 'ಕಿತಾಬುಲ್ ಮನಾಝಿರ್' ಎಂಬ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾರೆ. ಇಂದಿನ ಪ್ರೋಗ್ರಾಂ, ನಿಜ ಯಾವುದು ಎಂಬುದನ್ನು ಅವರಿಂದ ತಿಳಿದುಕೊಂಡೇ, ಲೆಕ್ಕದ ಅನುಕೂಲಕ್ಕಾಗಿ ಹಳೆಯ ಗ್ರೀಕರ ದಾರಿಯಲ್ಲಿ ನಡೆಯುತ್ತದೆ. ಹೀಗೆ ಹೆಜ್ಜೆ ಹೆಜ್ಜೆಯಾಗಿ ಮಾಡುವ ಲೆಕ್ಕಕ್ಕೆ ಅಲ್ಗಾರಿದಂ ಎಂಬ ಹೆಸರು ಬಂದದ್ದು 9ನೆಯ ಶತಮಾನದ ಬಗ್ದಾದಿನ ಗಣಿತಜ್ಞ ಅಲ್ ಖ್ವಾರಿಝ್ಮಿಯವರ ಹೆಸರಿನಿಂದ.

ಲೆಕ್ಕದ ಹೆಜ್ಜೆಗಳು

ವಿದ್ಯಾರ್ಥಿಗಳು ದಯವಿಟ್ಟು ಇದನ್ನು ಬರೆದುಕೊಳ್ಳಿ. ಘಟನಾ ದಿಗಂತದ ತ್ರಿಜ್ಯವನ್ನು 1 ಎಂದಿಟ್ಟುಕೊಳ್ಳೋಣ. ಕಪ್ಪುಕುಳಿಯ ಕೇಂದ್ರದಿಂದ ಕಿರಣ ಎಷ್ಟು ದೂರದಲ್ಲಿದೆಯೋ ಅದರ ವಿಲೋಮವನ್ನು, ಅಂದರೆ 1 ಭಾಗಿಸು ದೂರವನ್ನು, 'ವಿ' ಎಂದು ಕರೆಯೋಣ. ಕಿರಣ ಕೇಂದ್ರದ ಸುತ್ತ ಕೋನದಲ್ಲಿ ಮುಂದುವರಿದಂತೆ ವಿ ಬದಲಾಗುವ ದರವನ್ನು 'ದ' ಎಂದು ಕರೆಯೋಣ. ಶ್ವಾರ್ಜ್‌ಶಿಲ್ಡ್ ಉತ್ತರದಿಂದ ಸಿಗುವ ನಿಯಮ ಇಷ್ಟೇ: ದ ಬದಲಾಗುವ ದರವು, ವಿ ವರ್ಗದ ಒಂದೂವರೆ ಪಟ್ಟಿನಿಂದ ವಿ ಕಳೆದಷ್ಟು.

ಕಿರಣ ಬಹಳ ದೂರದಿಂದ ಬರುವುದರಿಂದ ಆರಂಭದಲ್ಲಿ ವಿ ಸೊನ್ನೆ. ಬಾಗದೆ ನೇರ ಹೋಗಿದ್ದರೆ ಕಿರಣ ಕೇಂದ್ರದಿಂದ ಎಷ್ಟು ದೂರದಲ್ಲಿ ಹಾದುಹೋಗುತ್ತಿತ್ತೋ ಅದನ್ನು ಗುರಿ ದೂರ ಎನ್ನೋಣ. ಆರಂಭದಲ್ಲಿ ದ ಎಂದರೆ 1 ಭಾಗಿಸು ಗುರಿ ದೂರ. ಇನ್ನು ಕೋನವನ್ನು 0.02 ರೇಡಿಯನ್‌ನಷ್ಟು ಸಣ್ಣ ಹೆಜ್ಜೆಗಳಲ್ಲಿ ಹೆಚ್ಚಿಸುತ್ತಾ ಹೋಗಿ. ಪ್ರತಿ ಹೆಜ್ಜೆಗೂ ಮೇಲಿನ ನಿಯಮದಂತೆ ಮೊದಲು ದವನ್ನು ತಿದ್ದಿ, ನಂತರ ಆ ಹೊಸ ದದಿಂದ ವಿಯನ್ನು ತಿದ್ದಿ. ವಿ 1ನ್ನು ದಾಟಿದರೆ ಕಿರಣ ಕಪ್ಪುಕುಳಿಯೊಳಗೆ ಬಿತ್ತು ಎಂದರ್ಥ, ಆ ಚುಕ್ಕಿ ಕಪ್ಪು. ವಿ ಸೊನ್ನೆಗಿಂತ ಕೆಳಗಿಳಿದರೆ ಕಿರಣ ತಪ್ಪಿಸಿಕೊಂಡು ದೂರ ಹೋಯಿತು ಎಂದರ್ಥ. ಅಲ್ಲಿಯವರೆಗೆ ತಿರುಗಿದ ಒಟ್ಟು ಕೋನದಿಂದ 3.1416ನ್ನು ಕಳೆದರೆ ಕಿರಣ ಎಷ್ಟು ಬಾಗಿತೆಂದು ಸಿಗುತ್ತದೆ.

ಗುರಿ ದೂರ 2.5 ಎಂದು ಕೊಟ್ಟು ನೋಡಿ, ಕಿರಣ ಒಳಗೆ ಬೀಳುತ್ತದೆ. 3 ಎಂದು ಕೊಟ್ಟರೆ, ಕೇಂದ್ರದಿಂದ ಸುಮಾರು 2.2ರಷ್ಟು ಹತ್ತಿರ ಬಂದು, ಲಂಬಕೋನಕ್ಕಿಂತ ಸ್ವಲ್ಪ ಹೆಚ್ಚು ಬಾಗಿ ಹೊರಟುಹೋಗುತ್ತದೆ. ಇವೆರಡರ ನಡುವೆ, ಸುಮಾರು 2.598ರಲ್ಲಿ, ಬದುಕು ಸಾವಿನ ಗೆರೆಯಿದೆ. ಆ ಗೆರೆಯ ತೀರಾ ಹತ್ತಿರದ ಕಿರಣ 1.5ರಷ್ಟು ದೂರದಲ್ಲಿ ಕಪ್ಪುಕುಳಿಯನ್ನು ಸುತ್ತು ಹಾಕಿ ಆಮೇಲೆ ದಾರಿ ಹಿಡಿಯುತ್ತದೆ. ನೆರಳಿನ ತ್ರಿಜ್ಯ ದಿಗಂತದ ತ್ರಿಜ್ಯಕ್ಕಿಂತ ಎರಡೂವರೆ ಪಟ್ಟಿಗೂ ಹೆಚ್ಚು ದೊಡ್ಡದಾಗಿ ಕಾಣುವುದು ಇದರಿಂದಲೇ. ಇದನ್ನು ಪುಸ್ತಕದಲ್ಲಿ ಓದಿದರೆ ಪರೀಕ್ಷೆಯವರೆಗೆ ನೆನಪಿರುತ್ತದೆ. ನಿಮ್ಮ ಕೈಯಿಂದ ಅಂಕಿ ಬದಲಾಯಿಸುತ್ತಾ ಆ ಗೆರೆಯನ್ನು ನೀವೇ ಹುಡುಕಿದರೆ ಜೀವನಪೂರ್ತಿ ಮರೆಯುವುದಿಲ್ಲ.

ಬಡ ಯಂತ್ರ ಕಲಿಸುವ ಪಾಠ

ಈಗ ಒಂದು ತೊಡಕು. ಸ್ಪೆಕ್ಟ್ರಂ ತೆರೆಯಲ್ಲಿ 49,152 ಚುಕ್ಕಿಗಳಿವೆ. ಒಂದೊಂದು ಚುಕ್ಕಿಗೂ ಒಂದು ಕಿರಣ, ಒಂದೊಂದು ಕಿರಣಕ್ಕೆ 300 ಹೆಜ್ಜೆ ಎಂದರೆ ಒಟ್ಟು ಸುಮಾರು 1 ಕೋಟಿ 47 ಲಕ್ಷ ಹೆಜ್ಜೆ. ಬೇಸಿಕ್ ಭಾಷೆಯಲ್ಲಿ ಆ ಯಂತ್ರ ಸೆಕೆಂಡಿಗೆ 50 ಹೆಜ್ಜೆ ನಡೆಯುತ್ತದೆ ಎಂದು ಧಾರಾಳವಾಗಿಯೇ ಇಟ್ಟುಕೊಳ್ಳಿ. ಚಿತ್ರ ಮುಗಿಯಲು ಸುಮಾರು 82 ಗಂಟೆ ಬೇಕು, ಅಂದರೆ ಮೂರು ದಿನ ಮೀರುತ್ತದೆ. ನಡುವೆ ಒಮ್ಮೆ ಕರೆಂಟು ಹೋದರೆ ಮೊದಲಿನಿಂದ ಶುರು.

ಇಲ್ಲಿ ಯಂತ್ರ ಕೈಚೆಲ್ಲುತ್ತದೆ, ಮನುಷ್ಯ ಯೋಚಿಸಬೇಕಾಗುತ್ತದೆ. ಕಪ್ಪುಕುಳಿ ಎಲ್ಲ ಕಡೆಯಿಂದಲೂ ಒಂದೇ ರೀತಿ ಉರುಟಾಗಿದೆ. ಹಾಗಿದ್ದ ಮೇಲೆ ಕಿರಣ ಎಷ್ಟು ಬಾಗುತ್ತದೆ ಎಂಬುದು ಚುಕ್ಕಿಯು ತೆರೆಯ ನಡುವಿನಿಂದ ಎಷ್ಟು ದೂರದಲ್ಲಿದೆ ಎಂಬುದನ್ನು ಮಾತ್ರ ಅವಲಂಬಿಸಿದೆ. ಎಡವೋ ಬಲವೋ ಮೇಲೋ ಕೆಳಗೋ ಎಂಬುದು ಮುಖ್ಯವಲ್ಲ. ತೆರೆಯ ನಡುವಿನಿಂದ ಮೂಲೆಗೆ ಇರುವ ದೂರವನ್ನು ಪೈಥಾಗೊರಸ್ ಪ್ರಮೇಯದಿಂದ ಲೆಕ್ಕ ಹಾಕಿ. 128ರ ವರ್ಗ, 96ರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ ಸರಿಯಾಗಿ 160. ಅಂದರೆ 160 ಕಿರಣಗಳ ಲೆಕ್ಕ ಮಾಡಿ ಕೋಷ್ಟಕ ಬರೆದಿಟ್ಟುಕೊಂಡರೆ ಸಾಕು. 160ನ್ನು 300ರಿಂದ ಗುಣಿಸಿದರೆ 48,000 ಹೆಜ್ಜೆ, 16 ನಿಮಿಷದ ಕೆಲಸ. ಕೋಷ್ಟಕ ಹಿಡಿಸುವುದು 800 ಬೈಟುಗಳಲ್ಲಿ.

ಆಮೇಲೆ ಪ್ರತಿ ಚುಕ್ಕಿಗೂ ದೂರ ನೋಡಿ ಕೋಷ್ಟಕದಿಂದ ಉತ್ತರ ತೆಗೆಯಬೇಕು. ಅಲ್ಲಿಯೂ ತೆರೆಯ ಕಾಲುಭಾಗದ ದೂರಗಳನ್ನು ಮಾತ್ರ ಲೆಕ್ಕ ಮಾಡಿದರೆ ಸಾಕು, ಉಳಿದ ಮೂರು ಭಾಗಗಳಿಗೂ ಅವೇ ದೂರಗಳು. 12,288 ಚುಕ್ಕಿಗಳಲ್ಲಿ ಒಂದೊಂದಕ್ಕೂ ಅದರ ಮೂರು ಪ್ರತಿಗಳನ್ನು ಸೇರಿಸಿ ಅರ್ಧ ಸೆಕೆಂಡು ಹಿಡಿದರೂ ಒಟ್ಟು ಕೆಲಸ ಎರಡು ಗಂಟೆಯೊಳಗೆ ಮುಗಿಯುತ್ತದೆ. ಯಂತ್ರ ಅದೇ, ಅದರ ವೇಗವೂ ಅದೇ. 82 ಗಂಟೆಯನ್ನು ಎರಡು ಗಂಟೆಗೆ ಇಳಿಸಿದ್ದು ವಿದ್ಯಾರ್ಥಿಯ ತಲೆ.

ಮೂರನೆಯ ತೊಡಕು ಬಣ್ಣದ್ದು. ಸ್ಪೆಕ್ಟ್ರಂನಲ್ಲಿ ಪ್ರತಿ 8 ಅಡ್ಡ 8 ಚುಕ್ಕಿಗಳ ಚೌಕದಲ್ಲಿ ಎರಡೇ ಬಣ್ಣಗಳಿಗೆ ಅವಕಾಶ. ಮಂದ ಬೆಳಕು, ತೀವ್ರ ಬೆಳಕು ತೋರಿಸುವುದು ಹೇಗೆ? ಯಂತ್ರಕ್ಕೆ ಸೊನ್ನೆಯಿಂದ ಒಂದರೊಳಗೆ ಒಂದು ಸಂಖ್ಯೆಯನ್ನು ಯಾದೃಚ್ಛಿಕವಾಗಿ ಆರಿಸಲು ಹೇಳಿ. ಆ ಸ್ಥಳದ ಹೊಳಪು ಅದಕ್ಕಿಂತ ಹೆಚ್ಚಿದ್ದರೆ ಚುಕ್ಕಿ ಇಡಿ, ಇಲ್ಲದಿದ್ದರೆ ಬಿಡಿ. ಹೊಳಪಿರುವಲ್ಲಿ ಚುಕ್ಕಿ ದಟ್ಟವಾಗುತ್ತದೆ, ಮಂಕಾಗಿರುವಲ್ಲಿ ವಿರಳವಾಗುತ್ತದೆ. ಲುಮಿನೆ ಶಾಯಿಯಲ್ಲಿ ಮಾಡಿದ್ದೂ ಇದನ್ನೇ.

ಹಿನ್ನೆಲೆಯಲ್ಲಿ ಚೌಕಳಿ ಗೆರೆಗಳನ್ನಿಟ್ಟು ಈ ಚಿತ್ರ ಬಿಡಿಸಿದರೆ ನಡುವೆ ಕಪ್ಪು ಬಿಲ್ಲೆ ಮೂಡುತ್ತದೆ, ಸುತ್ತ ಗೆರೆಗಳು ಬಿಲ್ಲಿನಂತೆ ಬಾಗುತ್ತವೆ, ಬಿಲ್ಲೆಯ ಅಂಚಿನಲ್ಲಿ ಇಡೀ ಆಕಾಶದ ಇನ್ನೊಂದು ಪ್ರತಿಬಿಂಬ ತಲೆಕೆಳಗಾಗಿ ಅಂಟಿಕೊಂಡಿರುತ್ತದೆ. ಅನಿಲದ ತಟ್ಟೆಯನ್ನೂ ಸೇರಿಸಿದರೆ, ಕಪ್ಪುಕುಳಿಯ ಹಿಂದೆ ಅಡಗಿರಬೇಕಾದ ತಟ್ಟೆಯ ಭಾಗ ಮೇಲಕ್ಕೆ ಎದ್ದುನಿಂತು ನಮಗೆ ಕಾಣುತ್ತದೆ.

ಇಂದಿನ ಕಂಪ್ಯೂಟರ್ ಈ ಕೋಟಿ ಹೆಜ್ಜೆಗಳನ್ನು ಕೆಲವೇ ಸೆಕೆಂಡುಗಳಲ್ಲಿ ನಡೆದು ಮುಗಿಸುತ್ತದೆ. ಆದ್ದರಿಂದ ಸಮ್ಮಿತಿಯ ಬಗ್ಗೆ ಯೋಚಿಸುವ ಗರಜು ಯಾರಿಗೂ ಬೀಳುವುದಿಲ್ಲ. ಹಳೆಯ ಯಂತ್ರ ಬಡತನದಲ್ಲಿ ಬೆಳೆದ ಮನೆಯ ತಾಯಿಯಂತೆ. ಅಕ್ಕಿ ಎಷ್ಟಿದೆ ಎಂದು ನೋಡಿಯೇ ಅವಳು ಒಲೆ ಹಚ್ಚುತ್ತಾಳೆ.

ಸರಿಯೋ ತಪ್ಪೋ ಎಂದು ತಿಳಿಯುವುದು ಹೇಗೆ?

ಚಿತ್ರ ಚೆನ್ನಾಗಿ ಬಂತೆಂದು ಲೆಕ್ಕ ಸರಿಯಾಗಬೇಕಿಲ್ಲ. ಅದಕ್ಕೆ ಪರೀಕ್ಷೆ ಬೇಕು. ಮೊದಲನೆಯದು, ಹೆಜ್ಜೆಯ ಗಾತ್ರವನ್ನು ಅರ್ಧಕ್ಕಿಳಿಸಿ ಮತ್ತೆ ಲೆಕ್ಕ ಮಾಡಿ. ಉತ್ತರ ಬಹಳ ಬದಲಾದರೆ ಮೊದಲ ಉತ್ತರವನ್ನು ನಂಬಬೇಡಿ. ಎರಡನೆಯದು, ಉತ್ತರ ಗೊತ್ತಿರುವ ಪ್ರಶ್ನೆಯನ್ನೇ ಯಂತ್ರಕ್ಕೆ ಕೇಳಿ. ಬಹಳ ದೂರ ಹಾದುಹೋಗುವ ಕಿರಣ ಬಾಗುವ ಕೋನ, ರೇಡಿಯನ್‌ಗಳಲ್ಲಿ, ಸುಮಾರು 2 ಭಾಗಿಸು ಗುರಿ ದೂರ. ಗುರಿ ದೂರ 100 ಎಂದರೆ 0.02ಕ್ಕಿಂತ ಒಂದು ಚೂರು ಹೆಚ್ಚು ಬರಬೇಕು. ಇಷ್ಟು ಸಣ್ಣ ಕೋನ ಅಳೆಯಲು ಹೆಜ್ಜೆಯನ್ನು 0.001ಕ್ಕೆ ಇಳಿಸಬೇಕು ಎಂಬುದು ನೆನಪಿರಲಿ.

ಇದೇ ಸೂತ್ರವನ್ನು ಸೂರ್ಯನಿಗೆ ಹಚ್ಚಿ ನೋಡಿ. ಸೂರ್ಯನ ದಿಗಂತ ತ್ರಿಜ್ಯ 2.95 ಕಿಲೋಮೀಟರ್, ಅದರ ನಿಜ ತ್ರಿಜ್ಯ ಸುಮಾರು 6,96,000 ಕಿಲೋಮೀಟರ್. ಸೂರ್ಯನ ಅಂಚಿಗೆ ತಾಗಿ ಬರುವ ನಕ್ಷತ್ರದ ಬೆಳಕು 1.75 ಸೆಕೆಂಡು ಕೋನದಷ್ಟು ಬಾಗಬೇಕೆಂದು ನಿಮ್ಮ ನೋಟ್‌ಬುಕ್ಕಿನಲ್ಲೇ ಉತ್ತರ ಬರುತ್ತದೆ. 1919ರ ಮೇ 29ರ ಸೂರ್ಯಗ್ರಹಣದಲ್ಲಿ ಬ್ರೆಜಿಲ್‌ನ ಸೊಬ್ರಾಲ್ ಮತ್ತು ಆಫ್ರಿಕಾದ ಬಳಿಯ ಪ್ರಿನ್ಸಿಪೆ ದ್ವೀಪದಲ್ಲಿ ಅಳೆದು ನೋಡಿದ್ದು ಈ ಅಂಕಿಯನ್ನೇ. ಐನ್‌ಸ್ಟೈನ್ ಜಗತ್ಪ್ರಸಿದ್ಧರಾದದ್ದು ಆ ಅಳತೆಯಿಂದ.

ನಮ್ಮ ಈ ಚಿತ್ರಕ್ಕೆ ಮಿತಿಗಳೂ ಇವೆ. ನಿಜವಾದ ಕಪ್ಪುಕುಳಿಗಳು ತಿರುಗುತ್ತವೆ. ಅದರ ಉತ್ತರವನ್ನು ನ್ಯೂಜಿಲೆಂಡಿನ ರಾಯ್ ಕೆರ್ 1963ರಲ್ಲಿ ಕಂಡುಹಿಡಿದರು, ಅದರ ಲೆಕ್ಕ ಇದಕ್ಕಿಂತ ಕಷ್ಟ. 2014ರಲ್ಲಿ ಬಂದ 'ಇಂಟರ್‌ಸ್ಟೆಲ್ಲಾರ್' ಚಲನಚಿತ್ರದ ಕಪ್ಪುಕುಳಿಗೆ ವಿಜ್ಞಾನಿ ಕಿಪ್ ಥಾರ್ನ್ ಸಮೀಕರಣಗಳನ್ನು ಒದಗಿಸಿದ್ದರು. ಅಷ್ಟು ದೊಡ್ಡ ಕಂಪ್ಯೂಟರ್‌ಗಳಲ್ಲಿಯೂ ಅದರ ಕೆಲವು ಫ್ರೇಮ್‌ಗಳಿಗೆ 100 ಗಂಟೆಯವರೆಗೆ ಹಿಡಿಯಿತು. ಲೆಕ್ಕ ಹಾಕುವವನಿಗೆ ತನ್ನ ಲೆಕ್ಕದ ಗಡಿ ಗೊತ್ತಿರಬೇಕು. ಅದು ಪ್ರಾಮಾಣಿಕತೆಯ ಒಂದು ಭಾಗ.

ಬೆಂಗಳೂರಿನವರ ಒಂದು ಲೆಕ್ಕ

ಕಂಪ್ಯೂಟರಿನಲ್ಲಿ ಕಪ್ಪುಕುಳಿಯನ್ನು ಪರೀಕ್ಷಿಸಿದ ಒಬ್ಬ ಕನ್ನಡಿಗರ ಹೆಸರನ್ನು ಹೇಳದೆ ಈ ಮಾತು ಪೂರ್ತಿಯಾಗದು. ಅವರು 1938ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸಿ.ವಿ. ವಿಶ್ವೇಶ್ವರ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡಿದ ಅವರು, ಕಪ್ಪುಕುಳಿಯ ಮೇಲೆ ಗುರುತ್ವದ ಅಲೆಯನ್ನು ಎಸೆದರೆ ಏನಾಗುತ್ತದೆಂದು ಲೆಕ್ಕ ಹಾಕಿದರು. ಅಗಲವಾದ ಅಲೆ ಎಸೆದಾಗ ವಿಶೇಷವೇನೂ ಕಾಣಲಿಲ್ಲ. ಅವರು ಬಿಡದೆ ಅಲೆಯನ್ನು ಕಿರಿದು ಮಾಡುತ್ತಾ ಹೋದರು. ಆಗ ಕಪ್ಪುಕುಳಿ ಬಡಿದ ಗಂಟೆಯಂತೆ ಕಂಪಿಸಿ ನಿಧಾನವಾಗಿ ಮೌನವಾಗುವುದು ಅಂಕಿಗಳಲ್ಲಿ ಕಂಡಿತು. 1970ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅದು ಪ್ರಕಟವಾಯಿತು.

ಆಗ ಅದನ್ನು ಪರೀಕ್ಷಿಸುವ ಸಾಧನವೇ ಇರಲಿಲ್ಲ. 2015ರ ಸೆಪ್ಟೆಂಬರ್ 14ರಂದು ಲೈಗೊ ಎಂಬ ಉಪಕರಣ, ಎರಡು ಕಪ್ಪುಕುಳಿಗಳು ಸೇರಿ ಒಂದಾದಾಗ ಎದ್ದ ಅಲೆಯನ್ನು ಹಿಡಿಯಿತು. 2016ರ ಫೆಬ್ರವರಿಯಲ್ಲಿ ಸುದ್ದಿ ಪ್ರಕಟವಾಯಿತು. ಆ ಅಲೆಯ ಕೊನೆಯ ಭಾಗದಲ್ಲಿ ಅವರು ಹೇಳಿದ್ದ ಗಂಟೆಯ ನಾದವೇ ಇತ್ತು. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರಾಗಿ ಸಾವಿರಾರು ಮಕ್ಕಳಿಗೆ ಆಕಾಶ ತೋರಿಸಿದ ವಿಶ್ವೇಶ್ವರರು 2017ರ ಜನವರಿಯಲ್ಲಿ ತೀರಿಕೊಂಡರು. ತಮ್ಮ ಲೆಕ್ಕ ನಿಜವಾದದ್ದನ್ನು ನೋಡಿಯೇ ಹೋದರು.

ಏಕೆ ಈ ಮಾತು?

ಹಿರಿಯರೇ, ಈಗ ನಮ್ಮ ವಿಷಯಕ್ಕೆ ಬರುತ್ತೇನೆ. 2006ರ ಸಾಚಾರ್ ಸಮಿತಿ ವರದಿಯನ್ನು ನಾವು ಅನೇಕ ಸಭೆಗಳಲ್ಲಿ ಉಲ್ಲೇಖಿಸುತ್ತೇವೆ. ಅದರಲ್ಲಿ ನನ್ನ ಮನಸ್ಸಿನಿಂದ ಹೋಗದ ಒಂದು ಅಂಕಿಯಿದೆ. ದೇಶದ ಪ್ರತಿಷ್ಠಿತ ಕಾಲೇಜುಗಳಲ್ಲಿ ಪದವಿ ತರಗತಿಯಲ್ಲಿ 25 ಮಂದಿಗೆ ಒಬ್ಬ ಮುಸ್ಲಿಂ ವಿದ್ಯಾರ್ಥಿ, ಸ್ನಾತಕೋತ್ತರ ತರಗತಿಯಲ್ಲಿ 50 ಮಂದಿಗೆ ಒಬ್ಬ ಎಂದು ಅಂದು ಸಮಿತಿ ಹೇಳಿತು. ಒಂದು ಮೆಟ್ಟಿಲು ಹತ್ತುವಷ್ಟರಲ್ಲಿ ಅರ್ಧದಷ್ಟು ಪಾಲು ಕರಗಿತು. ಬಡತನ, ಅವಕಾಶದ ಕೊರತೆ, ತಾರತಮ್ಯ ಎಲ್ಲವೂ ಅದಕ್ಕೆ ಕಾರಣಗಳೇ. ಅವುಗಳ ವಿರುದ್ಧ ಹೋರಾಟ ನಡೆಯಲಿ. ಆದರೆ ನಮ್ಮ ಕೈಯಲ್ಲೇ ಇರುವ ಕಾರಣವೂ ಒಂದಿದೆ. ನಾವು ನಮ್ಮ ಮಕ್ಕಳಿಗೆ ಕಲಿತು ಮುಗಿಸುವುದನ್ನು ಹೇಳಿಕೊಟ್ಟಿದ್ದೇವೆ, ಸ್ವಂತವಾಗಿ ಹುಡುಕುವುದನ್ನು ಹೇಳಿಕೊಟ್ಟಿಲ್ಲ.

ಇಬ್ನುಲ್ ಹೈಸಮ್, ಅಲ್ ಖ್ವಾರಿಝ್ಮಿ ಎಂಬ ಹೆಸರುಗಳನ್ನು ನಾನೂ ಹೇಳಿದೆ, ನೀವೂ ಹೆಮ್ಮೆಯಿಂದ ಕೇಳಿದಿರಿ. ಅವರ ಹೆಸರು ಹೇಳಿಯೇ ಬದುಕುವುದು ಅಜ್ಜನ ತೋಟ ಮಾರಿ ಉಣ್ಣುವ ಹಾಗೆ. ಮೊಬೈಲಿನಲ್ಲಿ ಸಂದೇಶಗಳು ಬರುತ್ತವೆ, ಕಪ್ಪುಕುಳಿಯ ವಿಷಯ ನಮಗೆ ಮೊದಲೇ ಗೊತ್ತಿತ್ತು ಎಂದು. ಅದನ್ನು ಹತ್ತು ಜನರಿಗೆ ಕಳುಹಿಸಿದರೆ ನಮ್ಮ ಕರ್ತವ್ಯ ಮುಗಿಯಿತು ಎಂದುಕೊಳ್ಳುತ್ತೇವೆ. ಆಕಾಶ ಭೂಮಿಗಳ ಸೃಷ್ಟಿಯ ಬಗ್ಗೆ ಚಿಂತಿಸಬೇಕೆಂದು ಪವಿತ್ರ ಕುರ್‌ಆನ್ ಮತ್ತೆ ಮತ್ತೆ ಕರೆ ಕೊಡುತ್ತದೆ. ಚಿಂತಿಸುವುದು ಎಂದರೆ ಕುಳಿತು ಲೆಕ್ಕ ಹಾಕುವುದೂ ಹೌದು. ಅಲ್ಲಾಹನ ಸೃಷ್ಟಿಯಲ್ಲಿ ಒಂದು ಬೆಳಕಿನ ಕಿರಣ ಎಲ್ಲಿ ಎಷ್ಟು ಬಾಗುತ್ತದೆಂದು ಸ್ವತಃ ಕಂಡುಕೊಂಡ ವಿದ್ಯಾರ್ಥಿಯ ಬಾಯಿಂದ ಬರುವ 'ಸುಬ್‌ಹಾನಲ್ಲಾಹ್' ಎಂಬ ಮಾತಿಗೆ ಬೇರೆಯೇ ತೂಕವಿದೆ.

ಸಂಘದ ಪದಾಧಿಕಾರಿಗಳಲ್ಲಿ ಎರಡು ವಿನಂತಿಗಳು. ನಮ್ಮ ಶಾಲೆ, ಮದ್ರಸಗಳ ಕಪಾಟುಗಳಲ್ಲಿ, ದಾನವಾಗಿ ಬಂದು ನಿಧಾನವಾಯಿತೆಂದು ಮೂಲೆಗಿಟ್ಟ ಕಂಪ್ಯೂಟರ್‌ಗಳಿವೆ. ಅವುಗಳಲ್ಲಿ ಅತ್ಯಂತ ನಿಧಾನವಾದದ್ದೂ ಸ್ಪೆಕ್ಟ್ರಂಗಿಂತ ನೂರಾರು ಪಟ್ಟು ವೇಗವಾದದ್ದು. ಅವುಗಳನ್ನು ಗುಜರಿಗೆ ಹಾಕುವ ಮೊದಲು ತಿಂಗಳಿಗೆ ಎರಡು ಭಾನುವಾರ, ಒಬ್ಬ ಗಣಿತ ಅಧ್ಯಾಪಕರೊಂದಿಗೆ, ಹತ್ತು ಮಕ್ಕಳನ್ನು ಕೂರಿಸಿ. ಅವರಲ್ಲಿ ಐವರು ಹೆಣ್ಣುಮಕ್ಕಳಿರಲಿ. ಎರಡನೆಯದು, ನಮ್ಮ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ವೈದ್ಯಕೀಯ, ಇಂಜಿನಿಯರಿಂಗ್ ಜೊತೆಗೆ ಭೌತಶಾಸ್ತ್ರ ಮತ್ತು ಗಣಿತದ ಪದವಿಗೂ ಒಂದು ಸಾಲು ಇರಲಿ. ಆ ಸಾಲು ಇಲ್ಲದಿದ್ದರೆ, ಆ ದಾರಿಯೇ ನಮಗಲ್ಲ ಎಂದು ಮಗು ತಿಳಿದುಕೊಳ್ಳುತ್ತದೆ.

ವಿದ್ಯಾರ್ಥಿಗಳೇ, ನಿಮಗೆ ಹಳೆಯ ಸ್ಪೆಕ್ಟ್ರಂ ಹುಡುಕಿ ತರಬೇಕೆಂದಿಲ್ಲ. ಅದರಂತೆ ವರ್ತಿಸುವ ಎಮ್ಯುಲೇಟರ್ ಪ್ರೋಗ್ರಾಂಗಳು ಉಚಿತವಾಗಿ ಸಿಗುತ್ತವೆ. ಪೈಥಾನ್ ಭಾಷೆಯೂ ಉಚಿತ. ಮೊದಲು ಒಂದೇ ಕಿರಣದಿಂದ ಆರಂಭಿಸಿ. ಗುರಿ ದೂರ 2.5 ಕೊಡಿ, ಆಮೇಲೆ 3 ಕೊಡಿ, ನಂತರ ಅವೆರಡರ ನಡುವಿನ ಗೆರೆಯನ್ನು ನಾಲ್ಕು ದಶಮಾಂಶ ಸ್ಥಾನದವರೆಗೆ ನೀವೇ ಹುಡುಕಿ. ಅಂಕಿ ಸಿಕ್ಕಿದಾಗ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದು, ಕೆಳಗೆ ನಿಮ್ಮ ಹೆಸರು ಮತ್ತು ದಿನಾಂಕ ಹಾಕಿ. ಮುಂದಿನ ವರ್ಷದ ಸಮಾವೇಶಕ್ಕೆ ಇನ್‌ಶಾ ಅಲ್ಲಾಹ್ ಆ ಪುಟದೊಂದಿಗೆ ಬನ್ನಿ. ಅಂದು ವೇದಿಕೆಯಲ್ಲಿ ನಿಂತು ಮಾತನಾಡುವ ಸರದಿ ನಿಮ್ಮದಾಗಲಿ.

 ನಮ್ಮ ಜ್ಞಾನವನ್ನು ಹೆಚ್ಚಿಸುವಂತೆ ಅಲ್ಲಾಹನಲ್ಲಿ ಪ್ರಾರ್ಥಿಸುತ್ತಾ ನನ್ನ ಮಾತುಗಳನ್ನು ಮುಗಿಸುತ್ತೇನೆ. ವಸ್ಸಲಾಂ.